ಮಳೆ ಜಾಕೆಟ್ಟಿನ ತಪ್ಪೆಷ್ಟು, ನನ್ನದೆಷ್ಟು: ಒಂದು ತಿಂಗಳ ಟಿಪ್ಪಣಿ

ಕಳೆದ ಮಳೆ ಚಾರಣದಿಂದ ತೊಯ್ದು ತೊಪ್ಪೆಯಾಗಿ ಬಂದೆ. ಮೈಮೇಲೆ ಜಾಕೆಟ್ ಇತ್ತು, ಬ್ಯಾಗಿಗೆ ಕವರೂ ಇತ್ತು. ಆದರೂ ಅಂಗಿ ಹಿಂಡಿದರೆ ನೀರು, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲಿಟ್ಟರೆ ತಣ್ಣಗೆ ಒದ್ದೆ. ಜಾಕೆಟ್ಟಿಗೆ ವಯಸ್ಸಾಯಿತು, ಹೊಸದು ತರಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ತರುವ ಮೊದಲು ನೀರು ನಿಜಕ್ಕೂ ಎಲ್ಲಿಂದ ಬರುತ್ತಿದೆ ಎಂದು ಒಂದು ತಿಂಗಳು ನೋಡೋಣ ಅಂದುಕೊಂಡೆ.

ಮೊದಲ ವಾರ. ಬೂದು ಬಣ್ಣದ ಹತ್ತಿ ಬನಿಯನ್ ತೊಟ್ಟು, ಮೇಲೆ ಜಾಕೆಟ್ ಹಾಕಿ, ಹತ್ತು ನಿಮಿಷ ಶವರ್ ಕೆಳಗೆ ನಿಂತೆ. ಬೂದು ಬಣ್ಣವೇ ಯಾಕೆಂದರೆ ಒಂದು ಹನಿ ತಾಗಿದರೂ ಅಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಮಚ್ಚೆ ಕಂಡದ್ದು ಎರಡೇ ಕಡೆ: ಕುತ್ತಿಗೆಯ ಮುಂದೆ, ಮತ್ತೆ ಎಡ ಭುಜದ ಹೊಲಿಗೆಯ ಮೇಲೆ. ಕುತ್ತಿಗೆಯದು ನಾನು ತಲೆ ಎತ್ತಿದ್ದರಿಂದ ಆದದ್ದು. ಭುಜದಲ್ಲಿ ಹೊಲಿಗೆ ಮುಚ್ಚುವ ಟೇಪ್ ಒಂದು ಬೆರಳಿನಷ್ಟು ಎದ್ದಿತ್ತು, ಬ್ಯಾಗಿನ ಪಟ್ಟಿ ಉಜ್ಜುವ ಜಾಗ ಅದು. ಉಳಿದ ಕಡೆ ಬನಿಯನ್ ಒಣಗಿಯೇ ಇತ್ತು. ಸೋರಿಕೆ ಇದೆ, ಆದರೆ ಅಂಗಿ ಹಿಂಡುವಷ್ಟು ಅಲ್ಲ.

ಇನ್ನೊಂದು ಗಮನಿಸಿದೆ. ಹೊರಗಿನ ಬಟ್ಟೆಯ ಮೇಲೆ ನೀರು ಹನಿಯಾಗಿ ಉರುಳಲಿಲ್ಲ, ಹೀರಿಕೊಂಡು ಬಟ್ಟೆ ಕಪ್ಪಾಯಿತು. ಒಳಪೊರೆ ನೀರು ತಡೆಯುತ್ತಿದೆ, ಹೊರಪದರದ ನೀರು ಜಾರಿಸುವ ಲೇಪ ಸೋತಿದೆ ಎಂದರ್ಥ. ಹೊರಬಟ್ಟೆ ಹೀಗೆ ನೆನೆದರೆ ಒಳಗಿನ ಹಬೆಗೆ ಹೊರಹೋಗಲು ದಾರಿ ಕಷ್ಟವಾಗುತ್ತದೆ, ಜಾಕೆಟ್ ಮೈಗೆ ತಣ್ಣಗೆ ಅಂಟುತ್ತದೆ, ಸೋರಿತು ಅಂತಲೇ ಅನ್ನಿಸುತ್ತದೆ. ಇಷ್ಟು ದಿನ ಮಾಮೂಲಿ ಡಿಟರ್ಜೆಂಟಿನಲ್ಲಿ ಒಗೆದದ್ದು ನನ್ನದೇ ತಪ್ಪು. ಅದರ ಶೇಷ ಬಟ್ಟೆಯಲ್ಲಿ ಉಳಿದು ನೀರನ್ನು ಕರೆಯುತ್ತದೆ. ಇಂಥ ಬಟ್ಟೆಗೆಂದೇ ಬರುವ ಸೋಪಿನಲ್ಲಿ ಒಗೆದು, ಎರಡು ಸಲ ಜಾಲಿಸಿ, ಒಣಗಿಸಿದೆ. ಲೇಬಲ್ಲಿನಲ್ಲಿ ಇಸ್ತ್ರಿಗೆ ಅಡ್ಡಿಯಿಲ್ಲ ಎಂದಿತ್ತು, ಹಾಗಾಗಿ ಮೇಲೊಂದು ಬಟ್ಟೆ ಹಾಸಿ ತೀರಾ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿದೆ. ಬಿಸಿ ತಾಗಿದರೆ ಉಳಿದಿರುವ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ತೋಳಿನ ಮೇಲೆ ನೀರು ಚಿಮುಕಿಸಿದರೆ ಕೆಸುವಿನೆಲೆಯ ಮೇಲಿನಂತೆ ಉರುಳಿತು! ಭುಜದಲ್ಲಿ ಮಾತ್ರ ಉರುಳಲಿಲ್ಲ, ಅಲ್ಲಿ ಲೇಪವೇ ಉಳಿದಿಲ್ಲ. ಅಷ್ಟು ಜಾಗಕ್ಕೆ ಸ್ಪ್ರೇ ಹೊಡೆದೆ.

ಎರಡನೇ ವಾರ ತಕ್ಕಡಿಯ ವಾರ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಚಾರಣಕ್ಕೆ ತೊಡುವ ಅಂಗಿಯನ್ನು ತೂಗಿದೆ: 142 ಗ್ರಾಂ. ಮಳೆಯಿಲ್ಲದ ಸಂಜೆ ಜಾಕೆಟ್ ಜಿಪ್ ಪೂರ್ತಿ ಎಳೆದು, ಬ್ಯಾಗ್ ಹೊತ್ತು, ನಲವತ್ತು ನಿಮಿಷ ಏರು ಹತ್ತಿದೆ. ಬಂದು ತೂಗಿದರೆ 229. ಆಕಾಶದಿಂದ ಒಂದು ಹನಿ ಬಿದ್ದಿರಲಿಲ್ಲ, ಅಂಗಿ 87 ಗ್ರಾಂ ನೀರು ಕುಡಿದಿತ್ತು. ಅಷ್ಟೂ ನನ್ನದೇ ಬೆವರು. ಮರುದಿನ ಅದೇ ಏರು, ಅದೇ ಹೊರೆ, ಜಾಕೆಟ್ ಇಲ್ಲದೆ: 171. ಮೂರನೇ ದಿನ ಹದವಾದ ಮಳೆ ಸಿಕ್ಕಿತು. ಜಾಕೆಟ್ ಹಾಕಿ, ಕಂಕುಳ ಜಿಪ್ ಎರಡೂ ತೆರೆದು, ಉಸಿರು ಬಿಗಿಯದಷ್ಟು ನಿಧಾನವಾಗಿ ಹತ್ತಿದೆ: 183. ಅಂದರೆ ಸುರಿಯುವ ಮಳೆಯಲ್ಲಿ ತೊಯ್ದದ್ದಕ್ಕಿಂತ ಒಣ ಸಂಜೆಯಲ್ಲಿ ಜಿಪ್ ಮುಚ್ಚಿಕೊಂಡು ತೊಯ್ದದ್ದೇ ಜಾಸ್ತಿ. ತಕ್ಕಡಿ ಕೆಟ್ಟಿದೆಯೇನೋ ಎಂದು ಒಂದು ಲೀಟರ್ ನೀರಿಟ್ಟು ಪರೀಕ್ಷಿಸಿದೆ. ಕೆಟ್ಟಿರಲಿಲ್ಲ.

ಇದಕ್ಕೆ ಪೊರೆಯನ್ನು ಬೈದು ಪ್ರಯೋಜನವಿಲ್ಲ. ಇಂಥ ಪೊರೆಯನ್ನು ಕಂಡುಹಿಡಿದ ಅಮೆರಿಕದ ಬಾಬ್ ಗೋರ್ 1969ರಲ್ಲಿ ಕಾಯಿಸಿದ ಪಿಟಿಎಫ್‌ಇ (ಟೆಫ್ಲಾನ್ ಎಂದು ಕರೆಯುವ ಪ್ಲಾಸ್ಟಿಕ್) ಕಡ್ಡಿಗಳನ್ನು ನಿಧಾನವಾಗಿ ಎಳೆದು ಎಳೆದು ಮುರಿದುಕೊಂಡು, ಕೊನೆಗೆ ರೇಗಿ ಒಮ್ಮೆಲೇ ಜಗ್ಗಿದಾಗ ಕಡ್ಡಿ ಮುರಿಯದೆ ಹಲವು ಪಟ್ಟು ಹಿಗ್ಗಿತಂತೆ. ಹಾಗೆ ಹಿಗ್ಗಿದ ಪೊರೆಯ ರಂಧ್ರಗಳಲ್ಲಿ ಹನಿ ನುಸುಳುವುದಿಲ್ಲ, ಹಬೆ ನುಸುಳುತ್ತದೆ. ಆದರೆ ಹಬೆ ತಾನಾಗಿ ಹೊರಗೆ ಓಡುವುದಿಲ್ಲ. ಒಳಗಿನ ಗಾಳಿಯಲ್ಲಿ ಹೊರಗಿಗಿಂತ ಹೆಚ್ಚು ಹಬೆಯಿದ್ದರೆ ಮಾತ್ರ ಆಚೆ ಹೋಗುತ್ತದೆ. ಬೆಚ್ಚಗಿನ ಮಳೆಯಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಆ ವ್ಯತ್ಯಾಸ ಎಲ್ಲಿಂದ ಬರಬೇಕು? ಹೊಸ ಜಾಕೆಟ್ ತಂದಿದ್ದರೂ ನನಗೆ ಇದೇ ಗತಿ. ಕಂಕುಳ ಜಿಪ್ಪಿಗೆ ನಾನು ಇದುವರೆಗೆ ಬೆಲೆಯನ್ನೇ ಕೊಟ್ಟಿರಲಿಲ್ಲ. ಇನ್ನು ಗಾಳಿಯಿಲ್ಲದ ಅಗಲ ದಾರಿಯಾದರೆ ಕೊಡೆಯಷ್ಟು ಚೆನ್ನಾಗಿ ಗಾಳಿಯಾಡುವ ರೇನ್‌ಕೋಟ್ ಬೇರೆ ಇಲ್ಲ. ನಗುವವರು ನಗಲಿ.

ಬ್ಯಾಗಿನ ವಿಷಯ ಬೇಗ ಮುಗಿಯಿತು. ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ. ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಪ್ಯಾಡ್ ಹಿಡಿದು ಕೆಳಗೆ ಹೋಗಿ ಕವರಿನ ತಳದಲ್ಲೇ ನಿಲ್ಲುತ್ತದೆ, ಮೇಲಿನಿಂದ ಕಾಯುವ ಕವರು ಕೆಳಗಿನಿಂದ ತೊಟ್ಟಿಯಾಗುತ್ತದೆ. ಈಗ ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಇಳಿಸಿ, ಸಾಮಾನು ತುಂಬಿ, ಬಾಯಿ ತಿರುಚಿ ಮಡಚುತ್ತೇನೆ. ಹೊರಡುವ ಮುನ್ನ ಅದರಲ್ಲಿ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ಒತ್ತಿದೆ. ಒಂದು ಕಡೆ ಸಣ್ಣಗೆ ಗಾಳಿ ತಾಗಿತು, ಟೆಂಟ್ ಗೂಟ ಚುಚ್ಚಿದ ತೂತು. ಟೇಪ್ ಹಚ್ಚಿದೆ, ಗೂಟಗಳಿಗೆ ಹೊರಜೇಬಿನಲ್ಲಿ ಜಾಗ ಕೊಟ್ಟೆ.

ನಾಲ್ಕನೇ ವಾರ, ಎರಡು ದಿನದ ನಡಿಗೆ. ಮೊದಲ ದಿನ ಆರು ಗಂಟೆ ಬಿಟ್ಟೂಬಿಡದೆ ಮಳೆ. ನಡೆಯುವಾಗ ಒದ್ದೆಯಾಗುವುದನ್ನು ಈ ಸಲ ಒಪ್ಪಿಕೊಂಡೇ ಹೊರಟಿದ್ದೆ: ಪಾಲಿಯೆಸ್ಟರ್ ಅಂಗಿ, ನೀರು ಹೊಕ್ಕರೂ ಹೊರಟುಹೋಗುವ ಜಾಲರಿ ಬೂಟು, ಪಾದಕ್ಕೆ ಬೆಳಿಗ್ಗೆಯೇ ದಪ್ಪಗೆ ವ್ಯಾಸಲೀನ್. ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇಕಡಾ 1ರಷ್ಟೂ ನೀರು ಹೀರುವುದಿಲ್ಲ, ನಿಲ್ಲುವ ನೀರೆಲ್ಲ ಎಳೆಗಳ ನಡುವೆ. ಹಿಂಡಿ ತೊಟ್ಟರೆ ಮೈಬಿಸಿಗೇ ಒಣಗುತ್ತಾ ಬರುತ್ತದೆ. ಚೀಲದೊಳಗೆ ಮಾತ್ರ ಮಡಿಬಟ್ಟೆಯಂತೆ ಒಂದು ಜೊತೆ ಉಣ್ಣೆಯ ಒಳಉಡುಪು, ಒಂದು ಜೊತೆ ಕಾಲುಚೀಲ. ಟೆಂಟಿನ ಹೊರಗೆ ಮುಟ್ಟಬಾರದು ಎಂದು ನನಗೆ ನಾನೇ ಹಾಕಿಕೊಂಡ ನಿಯಮ.

ಆ ನಿಯಮ ಮಧ್ಯಾಹ್ನವೇ ಮುರಿದೆ. ಇಪ್ಪತ್ತು ನಿಮಿಷ ಕೂತದ್ದೇ ತಡ, ಪಾದ ಮರಗಟ್ಟಿತು. ಬರೀ ಊಟ ಮುಗಿಯುವವರೆಗೆ ಎಂದು ಒಣ ಕಾಲುಚೀಲ ಹಾಕಿಕೊಂಡೆ. ಎದ್ದು ನಿಂತು ಹೆಜ್ಜೆ ಇಟ್ಟದ್ದು ನೇರ ಹೊಂಡಕ್ಕೆ. ರಾತ್ರಿ ಕೈಗವಸಿನೊಳಗೆ ಕಾಲ್ಬೆರಳು ತುರುಕಿಕೊಂಡು ಮಲಗಿದ ಚಂದವನ್ನು ಯಾರೂ ನೋಡಲಿಲ್ಲ, ಪುಣ್ಯ.

ಟೆಂಟ್ ಹಾಕುವ ಹೊತ್ತಿಗೆ ಬೆರಳುಗಳಿಗೆ ಬಕಲ್ ಒತ್ತುವ ಶಕ್ತಿಯಿರಲಿಲ್ಲ, ಹಲ್ಲಿನಲ್ಲಿ ಎಳೆದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ ಎಂದು ಓದಿದ್ದು ಆಗ ಬೆರಳ ತುದಿಗೆ ಅರ್ಥವಾಯಿತು. ಗಾಳಿ ಸೇರಿದರೆ ಹಿಮಗಟ್ಟುವ ಚಳಿಯಿಲ್ಲದೆಯೂ ಮೈ ಅಪಾಯಕರವಾಗಿ ತಣ್ಣಗಾಗಬಲ್ಲದು. ಇನ್ನು ಮುಂದೆ ಕೈ ಆಡುತ್ತಿರುವಾಗಲೇ ಟೆಂಟ್ ಹಾಕುವುದು.

ರಾತ್ರಿಯ ಒದ್ದೆಯ ಗುಟ್ಟೂ ಬಯಲಾಯಿತು. ಹಿಂದೆಲ್ಲ ಮಳೆಗೆ ಹೆದರಿ ಟೆಂಟಿನ ಕಿಂಡಿಗಳನ್ನು ಪೂರ್ತಿ ಮುಚ್ಚುತ್ತಿದ್ದೆ. ನನ್ನ ಉಸಿರಿನ ಹಬೆ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿತ್ತು, ಕಾಲ ಕಡೆಯ ಗೋಡೆಗೆ ಸ್ಲೀಪಿಂಗ್ ಬ್ಯಾಗ್ ಒರಗುತ್ತಿತ್ತು. ಈ ಸಲ ಎರಡೂ ತುದಿಯ ಕಿಂಡಿ ತೆರೆದಿಟ್ಟು, ಬ್ಯಾಗಿನ ಕಾಲ ಬುಡಕ್ಕೆ ಜಾಕೆಟ್ ಹೊದಿಸಿದೆ. ಗೋಡೆ ಬೆಳಿಗ್ಗೆಯೂ ಮಂಜಾಗಿತ್ತು, ಬ್ಯಾಗ್ ಒಣಗಿತ್ತು.

ಬೆಳಿಗ್ಗೆ ಬೆಚ್ಚಗಿನ ಉಣ್ಣೆ ಕಳಚಿ ನಿನ್ನೆಯ ಒದ್ದೆ ಅಂಗಿಗೆ ತೋಳು ತೂರಿಸುವ ಹಿಂಸೆಗೆ ಇನ್ನೂ ಉಪಾಯ ಸಿಕ್ಕಿಲ್ಲ. ಹತ್ತು ನಿಮಿಷ ಮುಂದೂಡಿದೆ, ಆಮೇಲೆ ಜೋರಾಗಿ ಬೈದುಕೊಂಡು ಹಾಕಿಕೊಂಡೆ. ಏರು ಶುರುವಾದ ಮೇಲೆ ಮರೆತೂ ಹೋಯಿತು.

ಮನೆಗೆ ಬಂದು ನೋಡಿದರೆ ಎಡ ಭುಜದ ಟೇಪ್ ಎರಡು ಬೆರಳಿನಷ್ಟು ಎದ್ದಿದೆ. ಹಳೆಯದನ್ನು ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಲಿಗೆಗೆ ಸೀಲರ್ ಬಳಿದು ತಂತಿಗೆ ನೇತುಹಾಕಿದ್ದೇನೆ. ಒಣಗಿದ ಮೇಲೆ ಮತ್ತೆ ಬೂದು ಬನಿಯನ್, ಮತ್ತೆ ಶವರ್.