ಭ್ರೂಣ ಮಾಧ್ಯಮಗಳ ಲೆಕ್ಕದ ಹಾಳೆ: ನಾಲ್ಕನೆಯ ವಾರ

ಇಲಿಯ ಭ್ರೂಣವನ್ನು ಗರ್ಭದ ಹೊರಗೆ ಬೆಳೆಸುವ ದ್ರಾವಣಗಳ ಘಟಕಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿ ಹೋಲಿಸುವುದು ನನ್ನ ನಿವೃತ್ತಿಯ ನಂತರದ ಹವ್ಯಾಸ. ಪ್ರಯೋಗಾಲಯವಿಲ್ಲ, ಇರುವುದು ಹಳೆಯ ಪ್ರಬಂಧಗಳು ಮತ್ತು ಒಂದು ಎಕ್ಸೆಲ್ ಕಡತ ಮಾತ್ರ.

ಮೊದಲ ಮೂರು ವಾರ ಇಂಧನದ ಸಾಲುಗಳಿಗೇ ಹೋದವು. 1956ರಲ್ಲಿ ವಿಜ್ಞಾನಿ ವಿಟನ್ ಗ್ಲೂಕೋಸ್ ಇದ್ದ ಸರಳ ದ್ರಾವಣದಲ್ಲಿ ಎಂಟು ಕೋಶಗಳ ಭ್ರೂಣವನ್ನು ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಅಂಟಿಕೊಳ್ಳುವ ಮುನ್ನ ಟೊಳ್ಳು ಚೆಂಡಿನಂತಾಗುವ) ಹಂತಕ್ಕೆ ತಂದರು. ಮರುವರ್ಷ ಲ್ಯಾಕ್ಟೇಟ್ ಬೆರೆಸಿದಾಗ ಎರಡು ಕೋಶಗಳ ಭ್ರೂಣವೂ ಅಲ್ಲಿಗೆ ತಲುಪಿತು. ಒಂದೇ ಕೋಶದ ಹಂತದಲ್ಲಿ ಮೊದಲ ವಿಭಜನೆಗೆ ಪೈರುವೇಟ್ ಬೇಕೆಂಬುದು 1967ರಲ್ಲಿ ಬಿಗರ್ಸ್ ಮತ್ತು ಸಹೋದ್ಯೋಗಿಗಳಿಂದ ತಿಳಿಯಿತು. ನಮಗೆ ಗ್ಲೂಕೋಸೇ ಮೂಲ ಆಹಾರವೆನಿಸಿದರೂ ಭ್ರೂಣ ಅದನ್ನು ಚೆನ್ನಾಗಿ ಬಳಸಿಕೊಳ್ಳುವುದು ತಡವಾಗಿ.

ಈ ವಾರ ಎಂ16 ಮತ್ತು ಕೆಎಸ್‌ಒಎಂ ಎಂಬ ಎರಡು ದ್ರಾವಣಗಳನ್ನು ಅಕ್ಕಪಕ್ಕ ಇಟ್ಟೆ. ಅನೇಕ ತಳಿಗಳ ಏಕಕೋಶ ಭ್ರೂಣಗಳು ಮೊದಲನೆಯದರಲ್ಲಿ ಎರಡು ಕೋಶಗಳಲ್ಲೇ ನಿಂತುಬಿಡುತ್ತವೆ, ಎರಡನೆಯದರಲ್ಲಿ ಮುಂದುವರಿಯುತ್ತವೆ. ಗ್ಲೂಕೋಸ್ 5.56ರಿಂದ 0.2 ಮಿಲಿಮೋಲಾರ್‌ಗೆ, ಫಾಸ್ಫೇಟ್ 1.19ರಿಂದ 0.35ಕ್ಕೆ ಇಳಿದದ್ದು ಮೊದಲು ಕಣ್ಣಿಗೆ ಬಿತ್ತು. ಗ್ಲೂಕೋಸ್ ಮತ್ತು ಫಾಸ್ಫೇಟ್ ಜೊತೆಯಾಗಿ ಹ್ಯಾಮ್‌ಸ್ಟರ್ ಭ್ರೂಣದ ಉಸಿರಾಟವನ್ನು ತಗ್ಗಿಸುವುದನ್ನು 1991ರಲ್ಲಿ ಸಂಶೋಧಕ ಬವಿಸ್ಟರ್ ಜೊತೆ ತೋರಿಸಿದ ಶೇಷಗಿರಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಹಾಗಾಗಿ ಇಡೀ ದೋಷವನ್ನು ಗ್ಲೂಕೋಸಿನ ತಲೆಗೇ ಕಟ್ಟಲು ಹೊರಟಿದ್ದೆ.

ಆದರೆ ಆಸ್ಮೋಲಾರಿಟಿಯ (ದ್ರಾವಣದಲ್ಲಿ ಕರಗಿರುವ ಒಟ್ಟು ಕಣಗಳ ಸಾಂದ್ರತೆಯ) ಸಾಲು ನನ್ನನ್ನು ತಡೆಯಿತು. ಸೋಡಿಯಂ ಲ್ಯಾಕ್ಟೇಟನ್ನು ಒಂದೇ ಕಣವೆಂದು ಎಣಿಸಿದ್ದೆ. ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಇದು ನಾಚಿಕೆಯ ವಿಷಯ. ಅದನ್ನು ಎರಡು ಅಯಾನುಗಳಾಗಿ ಒಡೆದು ಮತ್ತೆ ಕೂಡಿಸಿದಾಗ ಎಂ16 ಸುಮಾರು 311.5, ಕೆಎಸ್‌ಒಎಂ ಸುಮಾರು 273 ಮಿಲಿಆಸ್ಮೋಲ್ ಬಂತು. ಎಲ್ಲ ಲವಣಗಳೂ ಪೂರ್ತಿ ವಿಘಟನೆಗೊಳ್ಳುತ್ತವೆಂಬ ಆದರ್ಶ ಲೆಕ್ಕ ಇದು. ಉಪಕರಣದಲ್ಲಿ ಅಳೆದರೆ ಎರಡೂ ಕಡಿಮೆಯೇ ಇರುತ್ತವೆ. ಸುಮಾರು 39ರ ಈ ಅಂತರದಲ್ಲಿ ಗ್ಲೂಕೋಸಿನ ಪಾಲು 5.4ರಷ್ಟಾದರೆ, 23.28ರಿಂದ 10ಕ್ಕೆ ಇಳಿದ ಲ್ಯಾಕ್ಟೇಟಿನ ಪಾಲು 26.6. ಇಂಧನವೆಂದು ಬರೆದುಕೊಂಡಿದ್ದ ವಸ್ತು ಉಪ್ಪಿನ ಹೊರೆಯನ್ನೂ ಹೊತ್ತಿತ್ತು. ಆಸ್ಮೋಲಾರಿಟಿ ಹೆಚ್ಚಾದಾಗಲೂ ಎರಡು ಕೋಶಗಳಲ್ಲಿ ಬೆಳವಣಿಗೆ ನಿಲ್ಲಬಹುದಾದ್ದರಿಂದ, ಈ ಎರಡು ಪಾಕಗಳ ಹೋಲಿಕೆಯೊಂದರಿಂದಲೇ ಗ್ಲೂಕೋಸನ್ನು ಅಪರಾಧಿಯೆನ್ನಲಾಗದು.

ಹಾಳೆಯಲ್ಲಿ ಈಗ ‘ಇಂಧನ’ ಮತ್ತು ‘ಕಣಸಂಖ್ಯೆ’ ಎಂಬ ಬೇರೆ ಬೇರೆ ಕಾಲಂಗಳಿವೆ. ಮುಂದಿನ ಸರದಿ ಗ್ಲುಟಮಿನ್ ಎಂಬ ಅಮೈನೋ ಆಮ್ಲದ್ದು: ಕೆಎಸ್‌ಒಎಂನಲ್ಲಿ 1 ಮಿಲಿಮೋಲಾರ್ ಇರುವ ಅದು ಇಂಧನವೂ ಹೌದು, ಕೋಶದ ಗಾತ್ರ ಕಾಯುವ ವಸ್ತುವೂ ಹೌದು, ಜೊತೆಗೆ 37 ಡಿಗ್ರಿಯಲ್ಲಿ ತಾನಾಗಿಯೇ ಒಡೆದು ಅಮೋನಿಯ ಬಿಡುವುದರಿಂದ ಅದಕ್ಕೆ ಮೂರನೆಯ ಕಾಲಂ ಬೇಕಾಗಬಹುದು.