ಸರ್ವಾಯುಧಗಳನ್ನು ಧರಿಸಿ ನಿಲ್ಲುವ ಒಂಬತ್ತು ಸಂಜೆ

ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಕೈಲ್ ಮುಹೂರ್ತವೆಂಬ ಆಯುಧಪೂಜೆಯ ಹಬ್ಬ ಮಾಡುತ್ತಾರೆ. ಅದೇ ತಿಂಗಳ 29ಕ್ಕೆ ಕಥೋಲಿಕರಿಗೆ ಮಹಾದೂತರಾದ (ಪ್ರಧಾನ ದೇವದೂತರಾದ) ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಮಡಿಕೇರಿಯ ಸಂತ ಮೈಕಲರ ದೇವಾಲಯಕ್ಕೆ ಹೆಸರು ಬಂದದ್ದು ಈ ಮಿಕಾಯೇಲರಿಂದಲೇ. ಆಯುಧದ ಮಾತು ಮನೆಮನೆಯಲ್ಲೂ ಇರುವ ಈ ತಿಂಗಳಲ್ಲಿ, 20ರಿಂದ 28ರವರೆಗೆ ನವೇನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಮಾಡುವವರು ಬೈಬಲಿನಲ್ಲಿ ಪೌಲರು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನು, 10ರಿಂದ 20ನೇ ವಚನದವರೆಗೆ, ಹಿಡಿದು ಕೂರುವುದು ಒಳ್ಳೆಯದು. ಸೈತಾನನ ಎದುರು ನಿಲ್ಲಲು ದೇವರು ಕೊಡುವ ಸರ್ವಾಯುಧಗಳನ್ನು ಧರಿಸಿಕೊಳ್ಳಿ ಎನ್ನುವ ಭಾಗ ಅದು.

ಮೊದಲ ಸಂಜೆ ಇಡೀ ಭಾಗವನ್ನು ಗಟ್ಟಿಯಾಗಿ ಒಮ್ಮೆ ಓದಿ. ‘ನಿಲ್ಲುವುದು’ ಎಂಬ ಮಾತು 11, 13, 14ನೇ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುನ್ನುಗ್ಗಿ ಹೊಡೆಯಿರಿ ಎಂದು ಪೌಲರು ಎಲ್ಲೂ ಹೇಳಿಲ್ಲ. ಕ್ರಿಸ್ತ ಗೆದ್ದುಕೊಟ್ಟ ನೆಲ ಅದು, ಅಲ್ಲಿಂದ ಕಾಲು ಕೀಳಬೇಡಿ ಎಂಬುದಷ್ಟೇ ಅವರ ಆಜ್ಞೆ. ಭಯವೇ ಹುಟ್ಟದಿದ್ದರೆ ಮಾತ್ರ ವಿಶ್ವಾಸಿ ಎಂದುಕೊಂಡು ಕುಗ್ಗುವವರಿಗೆ ಇದೊಂದೇ ಮಾತು ಎಷ್ಟೋ ನೆಮ್ಮದಿ ಕೊಡುತ್ತದೆ. ಕಾಲು ನಡುಗುತ್ತಿದ್ದರೂ ನಿಂತವರು ನಿಂತವರೇ.

ಇನ್ನೊಂದನ್ನು ಕನ್ನಡ ಬೈಬಲ್ಲೇ ತೋರಿಸಿಕೊಡುತ್ತದೆ. ‘ಧರಿಸಿಕೊಳ್ಳಿರಿ’, ‘ನಿಲ್ಲಿರಿ’ ಎಂಬುದು ಬಹುವಚನ. ಇಡೀ ಸಭೆಗೆ ಹೇಳಿದ ಮಾತು. 16ನೇ ವಚನದ ಗುರಾಣಿಗೆ ಗ್ರೀಕ್ ಮೂಲದಲ್ಲಿರುವ ಪದ ‘ಬಾಗಿಲು’ ಎಂಬ ಪದದಿಂದ ಹುಟ್ಟಿದ್ದು. ಅಷ್ಟು ದೊಡ್ಡ ಗುರಾಣಿಗಳನ್ನು ರೋಮನ್ ಸೈನಿಕರು ಒಂದಕ್ಕೊಂದು ತಾಗಿಸಿ ಗೋಡೆಯಂತೆ ನಿಲ್ಲುತ್ತಿದ್ದರು. ಒಬ್ಬನೇ ಹಿಡಿದರೆ ಎದುರಿನಿಂದ ಬರುವ ಬಾಣವನ್ನಷ್ಟೇ ತಡೆದೀತು. ಆದ್ದರಿಂದ ನವೇನಾವನ್ನು ಒಂಟಿಯಾಗಿ ಮಾಡಬೇಡಿ, ಮನೆಯವರೊಬ್ಬರಾದರೂ ಜೊತೆಗಿರಲಿ.

ಎರಡನೆಯ ಸಂಜೆಯಿಂದ ಕತ್ತಿಯ ಅಭ್ಯಾಸ. ದೇವರ ವಾಕ್ಯವೇ ಪವಿತ್ರಾತ್ಮರ ಕತ್ತಿ ಎನ್ನುತ್ತದೆ 17ನೇ ವಚನ. ಅದನ್ನು ಹಿಡಿಯುವ ಬಗೆಯನ್ನು ಯೇಸುವಿನಿಂದಲೇ ಕಲಿಯಬೇಕು. ಅಡವಿಯಲ್ಲಿ ಸೈತಾನ ಒಡ್ಡಿದ ಮೂರು ಶೋಧನೆಗೂ (ಪ್ರಲೋಭನೆಗೂ) ಅವರು ಕೊಟ್ಟ ಉತ್ತರ ಬೈಬಲಿನ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳದ್ದು. ಹಸಿವಿಗೆ ರೊಟ್ಟಿಯ ವಚನ, ದೇವರನ್ನು ಪರೀಕ್ಷಿಸು ಎಂದಾಗ ಪರೀಕ್ಷಿಸಬಾರದೆಂಬ ವಚನ: ಪೆಟ್ಟು ಬಿದ್ದ ಜಾಗಕ್ಕೇ ಉತ್ತರ. ನಿಮ್ಮನ್ನು ಕಾಡುವುದು ಯಾವುದೆಂದು ಮೊದಲು ಹೆಸರಿಟ್ಟು ಹೇಳಿ. ಭಯವಾದರೆ ಕೀರ್ತನೆ 27ರ 1ನೇ ವಚನ. ಹಳೆಯ ಪಾಪದ ನೆನಪಾದರೆ ರೋಮನರಿಗೆ ಬರೆದ ಪತ್ರ 8ರ 1. ನಿವೇದಿಸದ ಪಾಪವಿದ್ದರೆ ಹಬ್ಬಕ್ಕೆ ಮೊದಲೇ ಗುರುಗಳ ಬಳಿ ಪಾಪನಿವೇದನೆಯೂ ಆಗಲಿ. ನಾಳೆ ಬೆಳಗಾಗುವುದೇ ಬೇಡ ಎನ್ನಿಸುವ ನಿರಾಶೆಗೆ ಪ್ರಲಾಪಗಳು 3ರ 22, 23. ಒಂದನ್ನೇ ಆರಿಸಿ ಚೀಟಿಯಲ್ಲಿ ಬರೆದು ಬೆಳಿಗ್ಗೆ, ಮಧ್ಯಾಹ್ನ, ಮಲಗುವಾಗ ಬಾಯಿಬಿಟ್ಟು ಹೇಳಿ. ಹತ್ತು ವಚನ ಬರೆದುಕೊಂಡವರಿಗೆ ಕಷ್ಟದ ಗಳಿಗೆಯಲ್ಲಿ ಒಂದೂ ನಾಲಿಗೆಗೆ ಬರುವುದಿಲ್ಲ.

ವಾಕ್ಯವನ್ನು ಮಂತ್ರದಂತೆ ಎಣಿಸಿ, ಇಷ್ಟು ಸಲ ಹೇಳಿದರೆ ಭಯ ಹೋಗಲೇಬೇಕು ಎಂದು ಪಟ್ಟು ಹಿಡಿಯುವ ತಪ್ಪೂ ಇದೆ. ಅಡವಿಯ ಆ ಶೋಧನೆಯಲ್ಲಿ ಸೈತಾನನೂ ಕೀರ್ತನೆ 91ನ್ನು ಯೇಸುವಿಗೆ ಉದ್ಧರಿಸಿದ್ದ! ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದ. ದೇವರ ಕೈ ತಿರುಚಲು ಬಳಸಿದ ವಚನ ಅದೇ ಸಾಲಿಗೆ ಸೇರುತ್ತದೆ. ಅದಕ್ಕೇ ಆರಿಸಿದ ವಚನದ ಜೊತೆ ಆ ಅಧ್ಯಾಯವನ್ನೂ ಒಮ್ಮೆ ಪೂರ್ತಿ ಓದಬೇಕು.

ಸೈತಾನನೊಂದಿಗೆ ವಾದಕ್ಕಿಳಿಯುವುದೂ ಬೇಡ. ಯೂದನ ಪತ್ರದ 9ನೇ ವಚನದಲ್ಲಿ ಸ್ವತಃ ಮಿಕಾಯೇಲರೇ ಅವನನ್ನು ದೂಷಿಸಲು ಧೈರ್ಯ ಮಾಡದೆ, ಪ್ರಭುವೇ ನಿನ್ನನ್ನು ಗದರಿಸಲಿ ಎಂದಷ್ಟೇ ಹೇಳುತ್ತಾರೆ. ಮಹಾದೂತರ ಹಬ್ಬದಲ್ಲಿ ಇದಕ್ಕಿಂತ ದೊಡ್ಡ ಪಾಠ ಕಾಣೆ.

ಪ್ರಾರ್ಥನೆ ಒಣಗಿದ ದಿನ ನವೇನಾ ಬಿಡಬೇಡಿ. ಲೊಯೋಲದ ಸಂತ ಇಗ್ನಾಸಿಯವರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ ಹೇಳುವಂತೆ, ಮನಸ್ಸು ಬರಡಾದಾಗ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಗೊತ್ತುಮಾಡಿದ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು. ಹದಿನೈದು ನಿಮಿಷವೆಂದರೆ ಹದಿನಾರು.

ಆದರೆ ಎಲ್ಲ ಕುಗ್ಗುವಿಕೆಯೂ ಸೈತಾನನ ಬಾಣವಲ್ಲ. ಜೂನ್‌ನಿಂದ ವಾರಗಟ್ಟಲೆ ಬಿಸಿಲು ಕಾಣದೆ, ಕರೆಂಟಿಲ್ಲದ ರಾತ್ರಿ ಕಳೆದು, ತೋಟದ ನಡುವಿನ ಒಂಟಿ ಮನೆಯಲ್ಲಿ ದೇಹವೇ ಸೋತಿರಬಹುದು. ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ನಡುವೆ ಮಲಗಲೂ ಬಿಟ್ಟ (1 ಅರಸುಗಳು 19). ನಿದ್ದೆ, ಊಟ ಬಿಟ್ಟುಹೋಗಿ ವಾರಗಳಾಗಿದ್ದರೆ, ಸಾಯುವ ಯೋಚನೆ ಬಂದರೆ, ಗುರುಗಳ ಜೊತೆ ವೈದ್ಯರನ್ನೂ ತಡಮಾಡದೆ ಕಾಣಬೇಕು. ಅದು ವಿಶ್ವಾಸದ ಕೊರತೆಯಲ್ಲ.

ಕೊನೆಯ ಸಂಜೆಗೆ 19, 20ನೇ ವಚನಗಳನ್ನು ಉಳಿಸಿಕೊಳ್ಳಿ. ಇಷ್ಟೆಲ್ಲ ಆಯುಧಗಳನ್ನು ವರ್ಣಿಸಿದ ಪೌಲರು ಬೇಡಿಯಲ್ಲಿದ್ದಾರೆ. ಬಿಡುಗಡೆಗಾಗಿ ಪ್ರಾರ್ಥಿಸಿ ಎಂದು ಅವರು ಕೇಳುವುದಿಲ್ಲ, ಧೈರ್ಯವಾಗಿ ಮಾತಾಡುವಂತೆ ನನಗಾಗಿ ಬೇಡಿಕೊಳ್ಳಿ ಎನ್ನುತ್ತಾರೆ. ಆ ಸಂಜೆ ನೀವೂ ಜೊತೆಗಿದ್ದವರಿಗೆ ನಿಮ್ಮ ಹೋರಾಟದ ಹೆಸರು ಹೇಳಿ, ನನಗಾಗಿ ಪ್ರಾರ್ಥಿಸಿ ಎಂದು ಕೇಳಿ. ಚೀಟಿಯನ್ನು ಪ್ರಾರ್ಥನಾ ಪುಸ್ತಕದಲ್ಲಿಟ್ಟುಕೊಂಡು ಮರುದಿನ ಬಲಿಪೂಜೆಗೆ ಹೊರಡಿ.