ಕಿನ್ನೆರೆತ್ ದಡದ ಹೆಂಗಸರು

ಇಸ್ರೇಲ್‌ನಲ್ಲಿ ಕೇರ್‌ಗಿವರ್ ಕೆಲಸ ಮಾಡುವ ನಮ್ಮ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರಿಗೆ ಗಲಿಲೀ ಸರೋವರ, ಇಲ್ಲಿಯವರ ಬಾಯಲ್ಲಿ ಕಿನ್ನೆರೆತ್, ಹೊಸದೇನಲ್ಲ. ರಜೆ ಸಿಕ್ಕರೆ ಬಸ್ ಮಾಡಿಕೊಂಡು ದೀಕ್ಷಾಸ್ನಾನದ ಜಾಗ ಯಾರ್ದೆನಿತ್‌ಗೆ ಹೋಗುತ್ತೇವೆ. ಜೋರ್ಡನ್ ನದಿಗೆ ಇಳಿದು, ಊರಿಗೆ ಅಂತ ಒಂದು ಬಾಟಲಿ ನೀರು ತುಂಬಿಕೊಂಡು ವಾಪಸ್. ಅಲ್ಲೇ ಹತ್ತಿರದಲ್ಲಿ ಬೇರೆ ಥರದ ಯಾತ್ರೆಯೂ ನಡೆಯುತ್ತದೆ ಅಂತ ಗೊತ್ತಾದದ್ದು ನಾನು ನೋಡಿಕೊಳ್ಳುವ ಅಜ್ಜಿಯಿಂದ. ಈ ದೇಶ ಕಟ್ಟಿದ ಹೆಂಗಸರ ಬಗ್ಗೆ ಹಿರಿಯರಿಗಾಗಿ ಒಂದು ದಿನದ ಟೂರ್ ಇತ್ತು. ಅಜ್ಜಿ ಹೊರಟರೆ ವೀಲ್‌ಚೇರ್ ಹೊರಡಬೇಕು, ವೀಲ್‌ಚೇರ್ ಹೊರಟರೆ ನಾನೂ.

ಮೊದಲು ಕಿನ್ನೆರೆತ್‌ನ ಹಳೇ ಅಂಗಳ. ಸುತ್ತ ಕಪ್ಪು ಕಲ್ಲಿನ ಕಟ್ಟಡ. ಯುರೋಪಿನಲ್ಲಿ ಕೃಷಿ ಓದಿ ಬಂದಿದ್ದ ಹನ್ನಾ ಮೈಸೆಲ್ 1911ರಲ್ಲಿ ಇಲ್ಲಿ ಹುಡುಗಿಯರ ತೋಟ ಶುರು ಮಾಡಿದರಂತೆ. ಯಾಕೆ ಅಂದರೆ, ನೇಗಿಲು ಹಿಡಿಯುವ ಕನಸು ಕಟ್ಟಿಕೊಂಡು ರಷ್ಯಾದಿಂದ ಬಂದ ಯಹೂದಿ ಹುಡುಗಿಯರ ಕೈಗೆ ಇಲ್ಲಿ ಸಿಕ್ಕಿದ್ದು ಸೌಟು ಮತ್ತು ಬಟ್ಟೆ ಒಗೆಯುವ ಕೆಲಸ! ತರಕಾರಿ, ಕೋಳಿ, ಹೈನು ಎಲ್ಲ ಕಲಿಸಿದರೆ ಯಾರೂ ಇವರನ್ನು ಅಡುಗೆಮನೆಗೆ ತಳ್ಳಲಾರರು ಅನ್ನೋದು ಹನ್ನಾ ಲೆಕ್ಕ. ಆ ತೋಟ 1917ರವರೆಗೆ ನಡೆಯಿತು.

ಪಕ್ಕದ ದೆಗಾನಿಯಾ ಒಂದು ಕಿಬ್ಬುಟ್ಸ್, ಅಂದರೆ ಎಲ್ಲರೂ ಸೇರಿ ದುಡಿದು ಹಂಚಿಕೊಂಡು ಬದುಕುವ ಕೃಷಿ ಊರು. ಅಲ್ಲಿ ಮಿರಿಯಂ ಬರಾಟ್ಸ್ ಅಂತ ಇನ್ನೊಬ್ಬರು. ಹಸುಗಳ ಕೆಲಸ ನಂಗೆ ಕೊಡಿ ಅಂತ ಹಟ ಹಿಡಿದಿದ್ದರು. ಗಂಡಸರು ಒಪ್ಪಲಿಲ್ಲ. ಗುಟ್ಟಾಗಿ ಅರಬ್ ಹೆಂಗಸರ ಹತ್ತಿರ ಹೋಗಿ ಹಾಲು ಕರೆಯುವುದನ್ನು ಕಲಿತು ಬಂದರು ಅಂತ ಗೈಡ್ ಹೇಳಿದಾಗ ವೀಲ್‌ಚೇರ್‌ಗಳ ಸಾಲಿನಲ್ಲಿ ನಗುವೋ ನಗು.

ಆಮೇಲೆ ಸ್ಮಶಾನ. ಸರೋವರದ ದಡದಲ್ಲೇ, ಮರಗಳ ನೆರಳಲ್ಲಿ. ಇಳಿಜಾರು ಜಾಸ್ತಿ, ಬ್ರೇಕ್ ಹಿಡಿದು ಹಿಡಿದು ನನ್ನ ಅಂಗೈ ಕೆಂಪಾಯಿತು. ಎಲ್ಲರೂ ನಿಂತದ್ದು ಕವಿ ರಾಹೆಲ್ ಸಮಾಧಿ ಹತ್ತಿರ. ಇಪ್ಪತ್ತು ಶೆಕೆಲ್‌ನ ಕೆಂಪು ನೋಟಿನ ಮೇಲಿರುವ ಮುಖ ಇವರದೇ. ಪಕ್ಕದ ಕಲ್ಲಿನ ಆಸನದಲ್ಲಿ ಒಂದು ಲೋಹದ ಪೆಟ್ಟಿಗೆ. ಒಳಗೆ ಅವರ ಕವನಗಳ ಪುಸ್ತಕ, ಸರಪಳಿಗೆ ಕಟ್ಟಿದ್ದು. ಬಂದವರು ಕೂತು ಓದಬೇಕು, ಮತ್ತೆ ಒಳಗೆ ಇಡಬೇಕು. ನಾನು ಪುಸ್ತಕ ತೆಗೆದು ಅಜ್ಜಿ ತೊಡೆ ಮೇಲೆ ಇಡಲು ಹೋದೆ, ಸರಪಳಿ ಅಷ್ಟು ದೂರ ಬರಲಿಲ್ಲ. ಅಜ್ಜಿ ‘ಬೇಡ ಬಿಡು’ ಅಂದು ಬಾಯಿಪಾಠವೇ ಒಪ್ಪಿಸಿದರು. ಉಳಿದವರೂ ದನಿ ಸೇರಿಸಿದರು.

ರಾಹೆಲ್ ಹುಟ್ಟಿದ್ದು 1890ರಲ್ಲಿ, ರಷ್ಯಾದಲ್ಲಿ. ಹನ್ನಾ ತೋಟದಲ್ಲಿ ಕಲಿತು, ಕೃಷಿ ಓದಲು ಫ್ರಾನ್ಸಿಗೆ ಹೋದರು. ಮಹಾಯುದ್ಧ ಬಂತು, ಇಲ್ಲಿಗೆ ವಾಪಸ್ ಬರಲಾಗದೆ ರಷ್ಯಾಕ್ಕೆ ಹೋಗಿ ಉಳಿದರು, ಅಲ್ಲಿ ಕ್ಷಯ ಅಂಟಿಕೊಂಡಿತು. 1919ರಲ್ಲಿ ಮರಳಿ ದೆಗಾನಿಯಾ ಸೇರಿದರು. ರೋಗ ಗೊತ್ತಾದ ಮೇಲೆ ಅಲ್ಲಿಯವರು ಹೋಗು ಅಂದುಬಿಟ್ಟರು. ಕೊನೆಯ ವರ್ಷಗಳು ಟೆಲ್ ಅವೀವ್‌ನ ಒಂಟಿ ಕೋಣೆಯಲ್ಲಿ. 1931ರಲ್ಲಿ ತೀರಿಕೊಂಡರು, ಬರೀ ನಲವತ್ತು ವಯಸ್ಸು.

ಆಗ ಔಷಧಿ ಇರಲಿಲ್ಲ, ಮಕ್ಕಳಿದ್ದ ಜಾಗ, ಬೇರೆ ದಾರಿ ಏನಿತ್ತು ಅಂತ ಗೈಡ್. ಅದೂ ನಿಜ ಅನ್ನಿ. ಕ್ಷಯ ಬಂದವರಿಗೆ ಬೇರೆ ತಟ್ಟೆ ಇಡುತ್ತಿದ್ದ ಮನೆಗಳು ನಮ್ಮಲ್ಲೂ ಇದ್ದವಲ್ಲ. ಆದರೆ ಬೇರೆ ತಟ್ಟೆಯಲ್ಲಿ ಊಟವಾದರೂ ಬರುತ್ತಿತ್ತು, ಮನೆಯೇ ಬಿಡು ಅನ್ನೋದು ಬೇರೆ ಮಾತು. ಹೊಲ, ಕೊಟ್ಟಿಗೆ, ಕಾವಲು ಎಲ್ಲದಕ್ಕೂ ಪಾಳಿ ಹಾಕುತ್ತಿದ್ದವರು ಒಬ್ಬಳು ಕಾಯಿಲೆಯವಳ ಹಾಸಿಗೆ ಪಕ್ಕ ಕೂರಲು ಒಂದು ಪಾಳಿ ಹಾಕಬಹುದಿತ್ತು. ನನ್ನ ಕಸುಬೇ ಅದಾದ್ದರಿಂದ ನಂಗೆ ಹಾಗನ್ನಿಸಿರಬಹುದು.

ಬಸ್ಸಿನಲ್ಲಿ ಇದೇ ಜಗಳ. ಅರ್ಧ ಜನ ದೆಗಾನಿಯಾ ಪರ, ಅರ್ಧ ಜನ ರಾಹೆಲ್ ಪರ. ಅಜ್ಜಿ ಮಾತ್ರ ಮೂರನೇ ಪಕ್ಷ. ‘ನಾನು ಕಿಬ್ಬುಟ್ಸ್‌ನಲ್ಲಿ ವರ್ಷಗಟ್ಟಲೆ ಬಟ್ಟೆ ಒಗೆದೆ. ಇಷ್ಟೆಲ್ಲ ಹೋರಾಡಿದ ಮೇಲೂ ಬಟ್ಟೆ ಒಗೆದದ್ದು ಹೆಂಗಸರೇ. ನಮ್ಮ ಮುಖ ಯಾವ ನೋಟಿನ ಮೇಲಿದೆ, ಹೇಳಿ’ ಅಂದರು. ಯಾರೂ ಹೇಳಲಿಲ್ಲ. ಮುಂದಿನ ಟೂರ್ ಝಿಖ್ರೋನ್ ಯಾಕೋವ್‌ಗೆ, ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷರಿಗಾಗಿ ಗೂಢಚಾರಿಕೆ ಮಾಡಿದ ಸಾರಾ ಆರೊನ್ಸೋನ್ ಮನೆ ನೋಡಲು. ಅಜ್ಜಿ ಆಗಲೇ ಹೆಸರು ಬರೆಸಿದ್ದಾರೆ. ಅಲ್ಲಿ ಮೆಟ್ಟಿಲು ಎಷ್ಟಿವೆ ಅಂತ ನಾನು ಗೈಡನ್ನು ಕೇಳಿಟ್ಟಿದ್ದೇನೆ.